ಸೀಗಡಿ ನೋಡುವ ಹೆಬ್ಬೆರಳು

ಗಂಗಾವತಿ ಕಡೆ ಕಾಲುವೆ ನೀರು ತುಂಬುವ ಒಂದು ಕೆರೆಯಲ್ಲಿ ನಮ್ಮವರು ಹತ್ತು ಮನೆಯವರು ಸೇರಿ ಸೀಗಡಿ ಬೆಳೆಸುತ್ತಿದ್ದರು. ದೊಡ್ಡ ಬಲೆ ಎಳೆಯಬೇಕಾದರೆ ಮೊದಲು ನನ್ನ ಅಪ್ಪ ಹೂಂ ಅನ್ನಬೇಕಿತ್ತು. ಸೀಗಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ. ಹೊಸದು ಗಟ್ಟಿಯಾಗಲು ಒಂದೆರಡು ದಿನ ಬೇಕು. ಅಷ್ಟರೊಳಗೆ ಹಿಡಿದರೆ ಬುಟ್ಟಿಯಲ್ಲೇ ಸಾಯುತ್ತದೆ. ಅಪ್ಪ ಬೀಸುಬಲೆ ಹಾಕಿ ಇಪ್ಪತ್ತು ಸೀಗಡಿ ತೆಗೆದು, ಒಂದೊಂದರ ಬೆನ್ನನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದ. ಮೆತ್ತಗಿದ್ದದ್ದಕ್ಕೆ ಅವನಿಟ್ಟ ಹೆಸರು ಬಾಣಂತಿ.

“ಬಾಣಂತಿ ಅದಾಳ, ಗಾಳಿ ತಾಗಬಾರ್ದು,” ಎನ್ನುತ್ತ ಅದನ್ನು ದಂಡೆಯಿಂದ ಎಸೆಯದೆ, ಮೊಣಕಾಲುಮಟ್ಟ ನೀರಿಗಿಳಿದು ಬಿಟ್ಟು ಬರುತ್ತಿದ್ದ. ಬಾಣಂತಿಯರು ಹೆಚ್ಚಿದ್ದರೆ ಅಂದು ಬಲೆ ಇಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ. ಆ ಹತ್ತು ಮನೆಗೆ ನಾನೇ ದೊಡ್ಡ ಪಂಡಿತೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಒಲೆಯ ಮೇಲಿನ ಹಂಚನ್ನು ಬರಿಗೈಯಲ್ಲಿ ಸರಿಸಿ, ಬೆರಳು ಸುಟ್ಟದ್ದೂ ಗೊತ್ತಾಗದೆ ರೊಟ್ಟಿ ಮುರಿಯುತ್ತ ಕೂತದ್ದನ್ನು ಒಮ್ಮೆ ಕಂಡಿದ್ದೆ. ಕಂಡೂ ಅದೇನೆಂದು ನನ್ನ ತಲೆಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಇಪ್ಪತ್ತನ್ನೂ ಒತ್ತಿ “ಗಟ್ಟಿ, ಗಟ್ಟಿ” ಎಂದ. ನಾನು ಬರೆದುಕೊಂಡೆ. ಬಲೆ ಎಳೆದರು. ನೋಡಿದರೆ ಬುಟ್ಟಿಗಳಲ್ಲಿ ಅರ್ಧಕ್ಕರ್ಧ ಮೆತ್ತಗಿನವು. ಗಟ್ಟಿಯವುಗಳ ಅಡಿಗೆ ಸಿಕ್ಕು ನಜ್ಜಿಹೋಗಿದ್ದವು. ದೊಡ್ಡಪ್ಪ ಒಂದು ಬುಟ್ಟಿ ತಂದು ಅಪ್ಪನ ಮುಂದಿಟ್ಟು, “ಏನೋ ತಮ್ಮಾ, ಹಿಂಗೇನು ನೋಡೋದು?” ಎಂದ. ಅಪ್ಪ ಒಂದನ್ನು ಎತ್ತಿ ಒತ್ತಿದ. ಮತ್ತೊಮ್ಮೆ ಒತ್ತಿದ.

ನಾನಾದರೂ ಸುಮ್ಮನಿರಬೇಕಿತ್ತು. ನನ್ನ ಬಾಯಿ ಆಗಲೂ ಹೀಗೇ ಇತ್ತು. “ನಿನ್ನ ಬೆರಳಿಗೆ ಏನೂ ತಿಳಿಯವಲ್ದಪ್ಪಾ, ಇನ್ನ ಬಿಟ್ಟುಬಿಡು,” ಎಂದೆ, ಎಲ್ಲರೆದುರಿಗೆ. ಅಪ್ಪ ಕೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡ.

ಮುಂದಿನ ವಾರ ಅವನೇ ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡ. “ನೀ ನೋಡವ್ವ, ನಾ ಬರಿತೀನಿ.” ಒಂದಕ್ಷರ ಬಾರದವನು. ಗಟ್ಟಿಗೆ ಒಂದು ಗೆರೆ, ಬಾಣಂತಿಗೆ ಒಂದು ಸೊನ್ನೆ. ನಾನು ಒತ್ತಿ ಹೇಳುತ್ತಿದ್ದೆ, ಅವನು ನಾಲಿಗೆ ಕಚ್ಚಿಕೊಂಡು ಗೀಚುತ್ತಿದ್ದ. ಬಾಣಂತಿಯನ್ನು ನೀರಿಗೆ ಬಿಡುವುದನ್ನು ಮಾತ್ರ ನನಗೆ ಕೊಡಲಿಲ್ಲ. ಆ ಮಳೆಗಾಲ ಹೀಗೇ ಕಳೆಯಿತು.

ದಸರೆಯ ಹೊತ್ತಿಗೆ ಬಸುರಿಯಾಗಿದ್ದ ಅತ್ತೆಯ ಮಗಳ ಕುಬಸಕ್ಕೆಂದು ನಾನು ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಗೆ ಹೋದೆ. ಹೊರಡುವ ಹಿಂದಿನ ದಿನ ನಾನೇ ಕೆರೆ ನೋಡಿದ್ದೆ, ಹೆಚ್ಚಿನವು ಗಟ್ಟಿಯಾಗಿದ್ದವು. ತಿರುಗಿ ಬಂದಾಗ ದೊಡ್ಡಪ್ಪ, “ನಿಮ್ಮಪ್ಪ ಬಲಿ ಎಳಿಯಾಕ ಬಿಡಲೇ ಇಲ್ಲ ನೋಡು,” ಎಂದು ಗೊಣಗಿದ. ನಾನು ಅಪ್ಪನನ್ನು ಯಾಕೆಂದು ಕೇಳಲಿಲ್ಲ. ಚಳಿಗಾಲದಲ್ಲಿ ಅಪ್ಪ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ನೋಟ್‌ಬುಕ್ಕು ತೆಗೆದೆ. ನಾನಿಲ್ಲದ ಆ ದಿನದ ಹಾಳೆಯಲ್ಲಿ ಇಪ್ಪತ್ತು ಸೊನ್ನೆಗಳಿದ್ದವು, ಒಂದೂ ಗೆರೆಯಿರಲಿಲ್ಲ. ಒಬ್ಬನೇ ಕೂತು ಒಂದೊಂದನ್ನೂ ಒತ್ತಿ ನೋಡಿದ್ದಾನೆ, ಬೆರಳಿಗೆ ಏನೂ ತಿಳಿದಿಲ್ಲ, ತಿಳಿಯದ್ದಕ್ಕೆಲ್ಲ ಬಾಣಂತಿಯೆಂದೇ ಸೊನ್ನೆ ಹಾಕಿದ್ದಾನೆ. ಇಪ್ಪತ್ತು ಸಲ ನೀರಿಗಿಳಿದು ಇಪ್ಪತ್ತನ್ನೂ ಬಿಟ್ಟು ಬಂದಿದ್ದಾನೆ.