ವಿಮಾನಕ್ಕೂ ಮೂರು ನೀರು

ಕಮಲಾಪುರದ ಅಂಬಣ್ಣ ಕೆಂಪು ಬಾಳೆಗೊನೆ ಹೇರಿಕೊಂಡು ಮೂವತ್ತು ವರ್ಷ ಕಲಬುರ್ಗಿಯ ಗಂಜ್ ಮಾರುಕಟ್ಟೆಗೆ ಬಂಡಿ ಹೊಡೆದವನು. ಆ ಇಪ್ಪತ್ನಾಲ್ಕು ಮೈಲಿಯಲ್ಲಿ ಅವನಿಗೆ ಗುರುತಿಲ್ಲದ ಕಲ್ಲೊಂದು ಸಿಕ್ಕರೆ ಅದು ಹಿಂದಿನ ದಿನ ಹುಟ್ಟಿದ್ದೇ ಇರಬೇಕು. ಅವನ ಎತ್ತುಗಳಂತೂ ನಿದ್ದೆಯಲ್ಲೇ ನಡೆದು, ಗಂಜಿನ ಬಾಗಿಲಲ್ಲಿ ಎಚ್ಚರಾಗುತ್ತಿದ್ದವು.

ಬಂಡಿಯವರು ಮೈಲಿ ಎಣಿಸುತ್ತಿರಲಿಲ್ಲ. ಎತ್ತಿಗೆ ನೀರು ಕುಡಿಸಲು ಎಷ್ಟು ಸಲ ಕೊಳ್ಳು ಹರಿದು ನೊಗ ಇಳಿಸಬೇಕೋ ಅಷ್ಟು ‘ನೀರು’. ಕಲಬುರ್ಗಿ ಮೂರು ನೀರಿನ ಹಾದಿ. ಒಂದೊಂದು ನೀರಿಗೆ ನಿಲ್ಲುವುದು ಒಂದೊಂದು ತಾಸು. ಹಾದಿಯ ವಿಷಯದಲ್ಲಿ ಸುಳ್ಳಾಡಿದವನ ಗಾಲಿಯ ಕೀಲು ಕಳಚಿಬೀಳುತ್ತದೆಂದು ಅವರೆಲ್ಲ ನಂಬಿದ್ದರು.

ನಿಜಾಮಶಾಹಿಯ ಕಡೆಯ ವರ್ಷ ಯಾವನೋ ಅಧಿಕಾರಿ ಬಂದು, ವಿಮಾನ ಇಳಿಸಲು ಅಂಬಣ್ಣನ ಬಾಳೆತೋಟವೇ ಬೇಕೆಂದ. ಗಿಡ ಕಿತ್ತು, ರೋಲರು ಎಳೆಸಿ, ಹಪ್ಪಳ ಒಣಹಾಕುವಷ್ಟು ನುಣ್ಣಗೆ ಮಾಡಿಸಿದ. ಇಂಥದೇ ಇನ್ನೊಂದು ಬಯಲು ಕಲಬುರ್ಗಿಯ ಹೊರಗೆ ಎದ್ದಿತು. ಅಂಬಣ್ಣನ ಹೊಲದಲ್ಲಿ ಇಳಿದದ್ದು ಒಂದೇ ಒಂದು ಹದ್ದು. ಅದೂ ಕಾಲು ಜಾರಿ ಬಿತ್ತೆಂದು ಅವನು ಆಣೆಯಿಟ್ಟು ಹೇಳುತ್ತಿದ್ದ. ಪೊಲೀಸ್ ಆಕ್ಷನ್ನಿನ ಐದು ದಿನ ವಿಮಾನಗಳು ನೆತ್ತಿಯ ಮೇಲೆ ಹಾದುಹೋದವು. ಒಂದೂ ಕೆಳಗೆ ಕಣ್ಣು ಹಾಯಿಸಲಿಲ್ಲ.

ಸರ್ಕಾರ ಬದಲಾದ ಮೇಲೆ ಹುಕುಂ ಬಂತು: ಉಪಯೋಗಕ್ಕೆ ಬರುವ ಬಯಲು ಇರಲಿ, ಉಳಿದದ್ದು ಒಡೆಯರಿಗೆ ಹೋಗಲಿ. ಎರಡು ಬಯಲುಗಳ ನಡುವಿನ ದೂರವೆಷ್ಟು, ಹಾರಲು ಹಿಡಿಯುವ ವೇಳೆಯೆಷ್ಟು ಎಂದು ಬರೆದು ಕಳಿಸಬೇಕಿತ್ತು. ಕಚೇರಿಯ ಗುಮಾಸ್ತ ನೀಲಕಂಠ ವಿಮಾನವನ್ನು ಹತ್ತಿರದಿಂದ ಕಂಡವನಲ್ಲ. ಹಾದಿ ಬಲ್ಲವನೆಂದು ಅಂಬಣ್ಣನನ್ನೇ ಕರೆಸಿದ.

ಹೊರಡುವಾಗ ಹೆಂಡತಿ ಬಂಡೆಮ್ಮ ಬುತ್ತಿ ಕೊಟ್ಟು ಅಂದಳು: “ಹೊಲ ನಮಗ ಬರೂಹಂಗ ಹೇಳ್ರಿ.”

“ಹೊಲಕ್ಕಾಗಿ ಹಾದಿ ಸುಳ್ಳು ಹೇಳಂಗಿಲ್ಲ,” ಎಂದ ಅಂಬಣ್ಣ. ಬಂಡೆಮ್ಮ ಬುತ್ತಿಯಿಂದ ಒಂದು ರೊಟ್ಟಿ ವಾಪಸು ತೆಗೆದುಕೊಂಡಳು.

ಕಚೇರಿಯಲ್ಲಿ ನೀಲಕಂಠ, ಮೈಲಿಗಲ್ಲಿನ ಪ್ರಕಾರ ದೂರ ಇಪ್ಪತ್ನಾಲ್ಕು ಮೈಲಿ, ವಿಮಾನ ನಿಮಿಷಕ್ಕೆ ಎರಡು ಮೈಲಿ ಹೋಗುತ್ತದಂತೆ ಎಂದ. ಅಂಬಣ್ಣ ಕಣ್ಣು ಮುಚ್ಚಿ ಬೆರಳು ಮಡಚಿದ. ಹಾರುವುದಕ್ಕೆ ಹನ್ನೆರಡು ನಿಮಿಷ. ಮೂರು ನೀರಿಗೆ ಮೂರು ತಾಸು. ಒಟ್ಟು ಮೂರು ತಾಸು ಹನ್ನೆರಡು ನಿಮಿಷ.

ನೀಲಕಂಠ ಲೇಖನಿ ಎತ್ತಿದವನು ಹಾಗೇ ನಿಂತ. “ವಿಮಾನ ನೀರು ಕುಡೀತದೇನೋ ಅಂಬಣ್ಣ?”

“ಏನೂ ಕುಡೀಲಾರದ ಹಾರತದೇನ್ರಿ ಸಾಹೇಬ್ರ?”

ಅದು ಪೆಟ್ರೋಲು ಕುಡಿಯುವುದು ನೀಲಕಂಠನಿಗೂ ಗೊತ್ತಿತ್ತು. ಕುಡಿಯುವುದು ನಿಜವಾದ ಮೇಲೆ ನಿಲ್ಲುವುದೂ ನಿಜವೇ. ಅಂಬಣ್ಣ ಮೂರು ಬಾವಿಗಳ ಹೆಸರನ್ನೂ ಬರೆಸಿ, ಎರಡನೆಯದರ ನೀರು ತುಸು ಸವಳೆಂದು ಎಚ್ಚರಿಸಿ, ಹೆಬ್ಬೆಟ್ಟು ಒತ್ತಿದ.

ಆರು ತಿಂಗಳಿಗೆ ಉತ್ತರ ಬಂತು. ಮೋಟಾರು ಒಂದೂವರೆ ತಾಸಿನಲ್ಲಿ ಮುಟ್ಟುವ ಊರಿಗೆ ವಿಮಾನ ಮೂರು ತಾಸು ಹನ್ನೆರಡು ನಿಮಿಷ ಹಿಡಿಯುವುದಾದರೆ ಕಮಲಾಪುರದ ಬಯಲು ಅನಾವಶ್ಯಕ. ಹೊಲವನ್ನು ಒಡೆಯನಿಗೆ ಬಿಡತಕ್ಕದ್ದು.

ರೋಲರು ಕುಟ್ಟಿದ ನೆಲಕ್ಕೆ ಗುದ್ದಲಿ ಬಿದ್ದರೆ ಗುದ್ದಲಿಯೇ ಅಳುತ್ತಿತ್ತು. ಆದರೂ ಬಾಳೆ ಎದ್ದಿತು. ಮೊದಲ ಗೊನೆಗಳನ್ನು ಹೇರುವ ದಿನ ಬಂಡೆಮ್ಮ ಬಂಡಿಯ ಹತ್ತಿರ ಬಂದು, “ಕಡೀಗೂ ಸುಳ್ಳೇ ಹೇಳಿದ್ರಿ, ಹೌದಿಲ್ಲೋ?” ಎಂದು ನಕ್ಕಳು.

ಅಂಬಣ್ಣ ನಗಲಿಲ್ಲ. ಗಾಲಿಯ ಕೀಲನ್ನು ಒಮ್ಮೆ ಅಲುಗಿಸಿ ನೋಡಿದ, ಗಟ್ಟಿಯಾಗಿತ್ತು.

“ನೀನೇ ನೋಡು,” ಎಂದು ಬಂಡಿ ಹತ್ತಿದ.