ಮೊದಲ ನೀ ಕುಡಿ

ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬಂದವರು ಗುಳಿಗೆ ಬಿಡದಂತೆ ನೋಡಿಕೊಳ್ಳುವುದು ನನ್ನ ನೌಕರಿ. ತಾಳಿಕೋಟೆ ಕಡೆಯ ಹಳ್ಳಿಯ ಶಾಂತವ್ವ ಮುದ್ದೇಬಿಹಾಳದ ನಮ್ಮ ದವಾಖಾನೆಗೆ ಬಂದು ಗಂಡನ ಗುಳಿಗೆ ತಪ್ಪದೇ ಒಯ್ಯುತ್ತಿದ್ದಳು. ಆದರೂ ಅವನ ಕಿವಿಯೊಳಗಿನ ದನಿಗಳು ನಿಂತಿರಲಿಲ್ಲ. ಡಾಕ್ಟರು ಗುಳಿಗೆ ಏರಿಸುತ್ತಲೇ ಹೋದರು.

ಮೊನ್ನೆ ಮೊದಲ ಸಲ ಅವರ ಮನೆಗೆ ಹೋದೆ. ಗಂಡ ಕಟ್ಟೆಯ ಮೇಲೆ ಕೂತು ಕಾಣದವರನ್ನು ಬೈಯುತ್ತಿದ್ದ. ನೀರು ತಂದ ಶಾಂತವ್ವನ ಕೈ ನಡುಗಿ ಅರ್ಧ ತಂಬಿಗೆ ನನ್ನ ಕಾಲ ಮೇಲೆ ಚೆಲ್ಲಿತು. ಮಾತೂ ತೊದಲುತ್ತಿತ್ತು. ಆ ನಡುಕ ನನಗೆ ಗೊತ್ತು, ಅದು ಆ ಗುಳಿಗೆಯದೇ.

"ಗುಳಿಗಿ ಹೆಂಗ ಕೊಡ್ತೀಯವ್ವ?"

"ಅರದು ಮಜ್ಜಿಗ್ಯಾಗ ಹಾಕ್ತೇನ್ರಿ. ವಿಷ ಹಾಕೀದಿ, ಮೊದಲ ನೀ ಕುಡಿ ಅಂತಾನ. ಅರ್ಧಾ ನಾ ಕುಡದ ಮ್ಯಾಲ ಉಳದದ್ದು ಕುಡೀತಾನ್ರಿ."

ಡಾಕ್ಟರು ಏರಿಸಿದ್ದರಲ್ಲೆಲ್ಲ ಅರ್ಧ ಇವಳ ಹೊಟ್ಟೆಗೇ ಹೋಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

"ಇನ್ನ ಮಜ್ಜಿಗಿ ಬ್ಯಾಡ. ಗುಳಿಗಿ ಬದಲಿ ತಿಂಗಳಿಗೊಮ್ಮೆ ಸೂಜಿ ಮಾಡೋಣು, ಡಾಕ್ಟರಿಗೆ ಹೇಳ್ತೇನಿ" ಅಂದೆ.

ಅವಳು ಕಟ್ಟೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಆಗ್ಲಿರಿ. ಅದನ್ನೂ ಮೊದಲ ನೀ ಮಾಡಿಸ್ಕೋ ಅಂತಾನ. ನನಗ ಯಾವ ರಟ್ಟಿಗಿ ಮಾಡ್ತೀರಿ?"