ಗುಡಾಣಕ್ಕಿಳಿದ ಸಿಯಾಲಾ

ದ್ರಾಕ್ಷಿ ಸೀಮೆಯಾದ ಕಖೇತಿಯ ಆ ಊರಲ್ಲಿ ಸಿಯಾಲಾಳ ದ್ರಾಕ್ಷಿ ತೋಟ ನೋಡಿ ನಗದವರಿಲ್ಲ. ಸಾಲುಗಳ ನಡುವೆ ಮೊಣಕಾಲುದ್ದ ಹುಲ್ಲು, ಕಾಡುಹೂವು, ಜೇನ್ನೊಣ. ಅವಳು ಕಳೆಗೆ ಔಷಧ ಹೊಡೆಯಳು, ರಸಕ್ಕೆ ಅಂಗಡಿಯ ಹುದುಗು ಬೆರೆಸಳು. "ಇದು ತೋಟಾನೋ, ಮೇಕೆ ಮೇಯೋ ಗೋಮಾಳಾನೋ?" ಎಂದವರಿಗೆ, "ಮೇಕೆ ಬಂದಿದೆಯಲ್ಲ, ಮೇಯ್ಲಿ ಬಿಡು," ಎನ್ನುವ ಬಾಯಿ ಅವಳದು.

ಗಂಡ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಭಾವ ಜುಂಬೇರನದು. ಹಳೆಯ ಬಳ್ಳಿ ಕಿತ್ತು ಕಾರ್ಖಾನೆಯವರು ಹೇಳುವ ಸಸಿ ನೆಡಬೇಕೆಂದು ಅವನ ಹಟ. ಕೊನೆಗೊಂದು ಪಣವಾಯಿತು. ನೆಲದಲ್ಲಿ ಹೂತ ಆಳೆತ್ತರದ ಮಣ್ಣಿನ ಗುಡಾಣದಲ್ಲಿ ಈ ಸಲ ಅವಳೊಬ್ಬಳೇ ವೈನ್ ಮಾಡಲಿ. ವಸಂತದಲ್ಲಿ ಮುಚ್ಚಳ ತೆಗೆದಾಗ ಊರವರು ಮೆಚ್ಚಿದರೆ ಬಳ್ಳಿ ಉಳಿಯುತ್ತದೆ, ಇಲ್ಲದಿದ್ದರೆ ಗುದ್ದಲಿ. ಗುಡಾಣದ ಕೆಲಸ ಗಂಡಸರದೆಂದು ನಂಬಿದ ಊರು ಅದು. ಮುಚ್ಚಳ ತೆಗೆಯುವ ದಿನ ಎಲ್ಲರೂ ಮುಖ ಹುಳ್ಳಗೆ ಮಾಡಲು ತಯಾರಾಗಿಯೇ ಬಂದರು.

ಆದರೆ ಬಟ್ಟಲು ಕೈಯಿಂದ ಕೈಗೆ ಹೋದಂತೆ ತಲೆಗಳು ತೂಗಿದವು. "ಮಾತು ಕೊಟ್ಟಿದ್ದೀನಿ, ಬಳ್ಳಿ ಇರ್ಲಿ," ಎಂದ ಜುಂಬೇರ.

ಕೊನೆಗೆ ಸಿಯಾಲಾ ಕುಡಿದಳು. ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ ಬಡಿಯಿತು.

"ಭಾವ, ಇದಕ್ಕೇನು ಹಾಕಿದ್ರಿ?"

ಅವನು ಮೀಸೆ ಒರೆಸಿಕೊಂಡ. "ಒಂಚೂರು ಕಾರ್ಖಾನೆಯ ಗಂಧಕದ ಪುಡಿ, ವೈನ್ ಕೆಡದ ಹಾಗೆ. ಹುಳಿಯಾಗಿದ್ರೆ ಮನೆ ಮರ್ಯಾದೆ ಏನಾಗ್ತಿತ್ತು? ಗೆದ್ದೆಯಲ್ಲ, ಸುಮ್ನಿರು."

"ಗೆದ್ದಿದ್ದು ನಿಮ್ಮ ಪುಡಿ, ನಾನಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಒಂದಿಡೀ ವರ್ಷದ ದುಡಿಮೆಯನ್ನು ಉಪಕಾರದ ಹೆಸರಲ್ಲಿ ಅವನು ಕೆಡಿಸಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಬಳ್ಳಿ ಉಳಿಯುತ್ತಿತ್ತು, ನಿಜ. ಅವಳು ಮುಚ್ಚಲಿಲ್ಲ. "ಬೇಕಾದೋರು ಕೊಡ ತಂದು ತುಂಬ್ಕೊಂಡ್ಹೋಗಿ. ಭಾವ ಪುಡಿ ಹಾಕಿದ್ದಾರೆ, ಇದು ನನ್ನ ವೈನಲ್ಲ," ಎಂದಳು. ಪುಕ್ಕಟೆ ಎಂದರೆ ಊರು ಕೊಡ ತರಲು ತಡ ಮಾಡುತ್ತದೆಯೇ? ಸಂಜೆಗೆ ಮೊದಲೇ ಗುಡಾಣ ಖಾಲಿ.

ಜುಂಬೇರ ಕೆರಳಿದ. "ಊರ ಮುಂದೆ ನನ್ನ ಮಾನ ಕಳೆದೆ. ನಿನ್ನ ವೈನಲ್ಲ ಅಂದ್ಮೇಲೆ ಪಣ ಸೋತೆ. ನಾಳೆನೇ ಬಳ್ಳಿ ಕೀಳಿಸ್ತೀನಿ."

ಸಿಯಾಲಾ ಲಂಗ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಚೆರ್ರಿ ತೊಗಟೆಯ ಕುಂಚ ಹಿಡಿದು ಗುಡಾಣ ತೊಳೆಯಲು ಇಳಿದಳು. ತಳದಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ಮನುಷ್ಯ ಸದ್ದಿಲ್ಲದೆ ಸಾಯುತ್ತಾನೆ. ಅದಕ್ಕೇ ಒಳಗಿರುವವರು ಹಾಡುತ್ತಲೇ ಇರಬೇಕು, ಮನೆಯ ಹಿರಿಯನು ಗುಡಾಣದ ಬಾಯಿ ಬಳಿ ಕುಳಿತು ಕೇಳುತ್ತಲೇ ಇರಬೇಕು. ಸಿಟ್ಟಿದ್ದರೂ ಜುಂಬೇರ ಕುಳಿತ. ಅವಳು ಹಾಡಿದಳು, ಉಜ್ಜಿದಳು.

ಹಾಡು ನಿಂತಿತು.

"ಸಿಯಾಲಾ?"

ಸದ್ದಿಲ್ಲ.

"ಏ ಸಿಯಾಲಾ!" ಅವನ ಮುಖ ಸುಣ್ಣವಾಯಿತು. ಹಗ್ಗಕ್ಕೆ ಕೈ ಹಾಕಿದ.

"ಬಳ್ಳಿ ಕೀಳಲ್ಲ ಅನ್ನಿ," ಎಂದಿತು ಗುಡಾಣ. "ಆಮೇಲೆ ಹಾಡ್ತೀನಿ."

ಜುಂಬೇರ ಸುತ್ತ ನೋಡಿದ. ತುಂಬಿದ ಕೊಡ ಹಿಡಿದ ಊರೆಲ್ಲ ಅವನನ್ನೇ ನೋಡುತ್ತಿತ್ತು.

"ಕೀಳಲ್ಲ," ಎಂದು ಗೊಣಗಿದ.

"ಜೋರಾಗಿ, ಭಾವ. ಇಲ್ಲಿಗೆ ಕೇಳಿಸ್ತಿಲ್ಲ."

ಬೀದಿಯ ಕೊನೆಯವರೆಗೂ ಕೇಳುವಂತೆ ಅವನು ಕೂಗಿದ.